ಮಳೆಗಾಲದ ಗಾಲಿ

ಮುಂಬಯಿಯ ಸಾಂತಾಕ್ರೂಜ್ ಹವಾ ವೀಕ್ಷಣಾಲಯದ ದಾಖಲೆಗಳಲ್ಲಿ ಅತ್ಯಂತ ಶೀತಲವಾದ ಪ್ರಾತಃಕಾಲವೆಂದು ನಮೂದಾಗಿರುವುದು 1962ನೆಯ ಇಸವಿಯ ಜನವರಿ 22. ಅಂದು ಪಾದರಸವು 7.4 ಡಿಗ್ರಿಗೆ ಇಳಿದಿತ್ತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ಆ ನಿಗಮದ ಹೆಸರಿನ ನಾಲ್ಕು ಇಂಗ್ಲಿಷ್ ಆದ್ಯಕ್ಷರಗಳೇ ಕಾಲಕ್ರಮದಲ್ಲಿ ಒಂದು ಊರಿನ ಹೆಸರಾಗಿ, ಇಂದು ಡೊಂಬಿವಲಿ ಸ್ಟೇಷನ್ನಿನ ಪೂರ್ವದಿಕ್ಕಿನಲ್ಲಿ ರಿಕ್ಷಾ ಹತ್ತಿ ‘ಎಂಐಡಿಸಿ’ ಎಂದಷ್ಟೇ ಹೇಳಿದರೆ ಚಾಲಕನು ಮರುಮಾತಿಲ್ಲದೆ ಹೊರಡುತ್ತಾನೆ. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೆ ಟೈರು ತಯಾರಿಸುವವರು, ಉಷ್ಣಮಾನವು 7 ಡಿಗ್ರಿಗಿಂತ ಕೆಳಗಿಳಿಯತೊಡಗಿದಾಗ ಚಳಿಗಾಲದ ಟೈರುಗಳನ್ನು ತೊಡಿಸತಕ್ಕದ್ದು ಎಂದು ಲೋಕದಾದ್ಯಂತ ಹೇಳುತ್ತ ಬಂದಿರುವರಷ್ಟೆ. ಆ ಗೆರೆಯನ್ನು ಸಾಂತಾಕ್ರೂಜಿನ ಪಾದರಸವು ತನ್ನ ಅತ್ಯಂತ ಕಠಿನವಾದ ಬೆಳಗಿನಲ್ಲಿಯೂ ಮುಟ್ಟಲಿಲ್ಲವೆಂಬುದನ್ನು ನಾನು ನನ್ನ ಸೋದರಳಿಯನಿಗೆ ಹೇಳಬೇಕಾಗಿ ಬಂದ ಪ್ರಸಂಗವೇ ಈ ಬರಹಕ್ಕೆ ಕಾರಣವಾಯಿತು.

ಅವನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಕಲಿತವನು. ಅವನೊಂದಿಗೆ ಕಲಿತ ಗೆಳೆಯನೊಬ್ಬನು ಕೆನಡಾಕ್ಕೆ ಹೋಗಿ ಮಾಂಟ್ರಿಯಲ್ಲಿನಲ್ಲಿ ನೆಲೆಸಿದ್ದಾನೆ. ಸೋದರಳಿಯನು ಹಲವು ವರ್ಷಗಳ ಪರಿಶ್ರಮದ ಫಲವಾಗಿ ಒಂದು ದೊಡ್ಡ ಎಸ್‌ಯುವಿಯನ್ನು ಕೊಂಡ ಸುದ್ದಿ ತಿಳಿದಾಗ ಆ ಗೆಳೆಯನು, ತನ್ನಲ್ಲಿ ಇಂಥದೇ ವಾಹನಕ್ಕೆ ಎರಡು ಜೊತೆ ಗಾಲಿಗಳಿರುವುವೆಂದೂ, ಬೇಸಗೆಗೊಂದು, ಚಳಿಗೊಂದು ಎಂದು ಬದಲಾಯಿಸದಿದ್ದರೆ ಕಾನೂನೇ ದಂಡ ವಿಧಿಸುವುದೆಂದೂ ಹೇಳಿದನಂತೆ. ಅದು ನಿಜವಾದ ಮಾತು: ಕ್ಯುಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. “ಮಾವಾ, ಹಾಗಾದರೆ ನಾವು ಇಲ್ಲಿ ಏನು ಮಾಡಬೇಕು?” ಎಂದು ಅವನು ನನ್ನನ್ನು ಕೇಳಿದನು. ಯಂತ್ರೋದ್ಯಮದಲ್ಲಿ ಆಯುಷ್ಯ ಸವೆಸಿದವನಾದುದರಿಂದ ನನಗೆ ಉತ್ತರ ತಿಳಿದೇ ಇರಬೇಕೆಂಬುದು ಅವನ ನಂಬಿಕೆ. ಪ್ರಶ್ನೆಯು ಮೇಲುನೋಟಕ್ಕೆ ಸರಳವಾಗಿ ತೋರಿದರೂ ಅದರೊಳಗೆ ಅವನ ಹೆಂಡತಿ ಮಕ್ಕಳ ಪ್ರಾಣವೂ ಎದುರು ಬರುವ ಅಪರಿಚಿತರ ಪ್ರಾಣವೂ ಅಡಗಿದ್ದುದರಿಂದ ನಾನು ಆತುರಪಡದೆ ಕೆಲವು ದಿನ ಯೋಚಿಸಿದೆನು.

ಮೊದಲು ಹಿಮದ ನಾಡಿನ ವಿಚಾರವನ್ನು ತಿಳಿದುಕೊಳ್ಳೋಣ. ರಬ್ಬರು ಎಂಬ ವಸ್ತುವಿನ ಗುಣ ವಿಲಕ್ಷಣವಾದುದು. ಹದವಾದ ಬೆಚ್ಚಗಿನಲ್ಲಿ ಅದು ಮೃದುವಾಗಿ, ರಸ್ತೆಯ ಮೇಲ್ಮೈಯಲ್ಲಿರುವ ಸೂಕ್ಷ್ಮವಾದ ತಗ್ಗುದಿಣ್ಣೆಗಳೊಳಕ್ಕೆ ಇಳಿದು ಹಿಡಿದುಕೊಳ್ಳುತ್ತದೆ. ಚಳಿ ಏರಿದಂತೆ ಬಿರುಸಾಗುತ್ತ ಬಂದು, ಕೊನೆಗೆ ಗಾಜಿನಂಥ ಸ್ಥಿತಿಯ ಕಡೆಗೆ ಸರಿಯುತ್ತದೆ. ಬಿರುಸಾದ ರಬ್ಬರು ನೆಲವನ್ನು ಅಪ್ಪಲಾರದು, ಜಾರುತ್ತದೆ. ಆದುದರಿಂದ ಶೀತಲದೇಶಗಳಿಗೆಂದು ತಯಾರಿಸುವ ಟೈರಿನಲ್ಲಿ ಚಳಿಯಲ್ಲಿಯೂ ಮೆತ್ತಗಿರತಕ್ಕ ಮಿಶ್ರಣವನ್ನು ಬಳಸಿ, ಹಲ್ಲುಗಳ ಮೇಲೆ ಕೂದಲೆಳೆಯಂಥ ಸಾವಿರಾರು ಸೀಳುಗಳನ್ನು ಕೊರೆದು, ಅವು ಹಿಮವನ್ನು ಕಚ್ಚುವಂತೆ ಮಾಡುತ್ತಾರೆ. ಈ ವಿದ್ಯೆಗೆ ಫಿನ್ಲೆಂಡ್ ದೇಶವು ತವರುಮನೆ. ನೋಕಿಯಾ ಎಂಬ ಊರಿನ ಕಾರ್ಖಾನೆಯು 1934ರಲ್ಲಿ ಲಾರಿಗಳಿಗೂ 1936ರಲ್ಲಿ ಕಾರುಗಳಿಗೂ ಚಳಿಗಾಲದ ಟೈರುಗಳನ್ನು ಮಾಡಿಕೊಟ್ಟಿತು. ಮೂರು ಶಿಖರಗಳ ಪರ್ವತದೊಳಗೆ ಒಂದು ಹಿಮದ ಹಳುಕಿರುವ ಮುದ್ರೆಯು ಇಂಥ ಟೈರಿನ ಪಕ್ಕದಲ್ಲಿ ಇಂದು ಕಾಣುತ್ತದೆ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದೀಚೆಗೆ, ಹಿಮ ಬಿದ್ದ ದಾರಿಯಲ್ಲಿ ಹೋಗತಕ್ಕ ವಾಹನಕ್ಕೆ ಆ ಮುದ್ರೆಯೇ ಬೇಕು. ಕೆಸರು, ಹಿಮಗಳನ್ನು ಸೂಚಿಸುವ ಹಳೆಯ ‘ಎಂ’ ಮತ್ತು ‘ಎಸ್’ ಅಕ್ಷರಗಳು ಸಾಲವು.

ಇಂಥ ಟೈರನ್ನು ವಿದೇಶದ ಬಂಧುಗಳಿಂದ ತರಿಸಿ ಡೊಂಬಿವಲಿಯಲ್ಲಿ ಹಾಕಿಕೊಂಡರೆ ಏನಾದೀತು? ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲ್ಯಾಣದ ಸುತ್ತಲಿನ ಡಾಂಬರು ಅಂಗಾಲನ್ನು ಸುಡುವಷ್ಟು ಕಾಯುತ್ತದೆ. ಅಂಥ ನೆಲದ ಮೇಲೆ ಆ ಮೃದುವಾದ ರಬ್ಬರು ಪೆನ್ಸಿಲಿನ ತಿದ್ದುರಬ್ಬರಿನಂತೆ ಸವೆಯುತ್ತದೆ. ಬ್ರೇಕು ಒತ್ತಿದಾಗ ಹಲ್ಲುಗಳು ಬಾಗಿ, ವಾಹನವು ನಿಲ್ಲಬೇಕಾದ ಸ್ಥಳಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೆ. ಒಬ್ಬನಿಗೆ ಅಮೃತವಾದ ಔಷಧವು ಇನ್ನೊಬ್ಬನಿಗೆ ವಿಷವಾಗುವ ಪರಿ ಇದು. ಲಡಾಖಿಗೋ ಲಾಹೌಲಿಗೋ ಹಿಮದ ದಿನಗಳಲ್ಲಿ ಹೋಗಬೇಕೆನ್ನುವ ತರುಣರು ಅಲ್ಲಿಗೆ ತಲುಪಿದ ಮೇಲೆ ಗಾಲಿಗೆ ಸರಪಳಿ ಕಟ್ಟಿಸಿಕೊಳ್ಳುವುದು ಲೇಸು. ಮನಾಲಿಯಲ್ಲಿ ಅದನ್ನು ಬಲ್ಲವರಿದ್ದಾರೆ.

ಹಾಗೆಂದು ಮಾಂಟ್ರಿಯಲ್ಲಿನ ಆ ಗೆಳೆಯನ ಮಾತು ನಮಗೆ ನಿಷ್ಪ್ರಯೋಜಕವೆಂದು ನಾನು ಭಾವಿಸಲಿಲ್ಲ. ಅವನ ಮಾತಿನ ತಿರುಳು ಚಳಿಯಲ್ಲಿಲ್ಲ. ವರ್ಷದ ಕೆಲವು ತಿಂಗಳು ರಸ್ತೆಯು ತನ್ನ ಸ್ವಭಾವವನ್ನೇ ಬದಲಾಯಿಸಿಕೊಳ್ಳುವ ದೇಶದಲ್ಲಿ ಗಾಲಿಯೂ ಬದಲಾಗಬೇಕು, ಎಂಬುದೇ ಆ ತಿರುಳು. ನಮಗೆ ಅಂಥ ನಾಲ್ಕು ತಿಂಗಳು ಇಲ್ಲವೆ? ಜೂನಿನಿಂದ ಸೆಪ್ಟೆಂಬರಿನವರೆಗೆ ಠಾಣೆ ಜಿಲ್ಲೆಯ ಮೇಲೆ ಸುರಿಯುವ ವರ್ಷಧಾರೆಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. 2019ರ ಜುಲೈ 27ರಂದು ಉಲ್ಹಾಸ ನದಿಯ ನೆರೆಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲು ಬದಲಾಪುರಕ್ಕೂ ವಾಂಗಣಿಗೂ ನಡುವೆ ಸಿಕ್ಕಿಕೊಂಡು, ಅದರಲ್ಲಿದ್ದ ಸಾವಿರಕ್ಕೂ ಮಿಕ್ಕ ಪ್ರಯಾಣಿಕರನ್ನು ದೋಣಿಗಳಲ್ಲಿ ದಾಟಿಸಬೇಕಾಯಿತು. ಕೊಲ್ಹಾಪುರಕ್ಕೆ ಹೊರಟ ಆ ರೈಲಿನಲ್ಲಿ ನಮ್ಮ ಗಡಿನಾಡಿನ ಜನರು ಸದಾ ಪ್ರಯಾಣ ಮಾಡುವುದರಿಂದ ಅಂದು ಡೊಂಬಿವಲಿಯ ಎಷ್ಟೋ ಕನ್ನಡದ ಮನೆಗಳಲ್ಲಿ ಒಲೆ ಹೊತ್ತಲಿಲ್ಲವೆಂಬುದು ನನಗೆ ನೆನಪಿದೆ. ನಮ್ಮ ಹಿಮಗಾಲವು ಈ ಮಳೆಗಾಲವೇ.

ಎಂಐಡಿಸಿಯ ರಸ್ತೆಗೆ ಇನ್ನೊಂದು ವಿಶೇಷವುಂಟು. ಇಲ್ಲಿ ರಾಸಾಯನಿಕ, ಬಣ್ಣ, ಜವಳಿ ಮೊದಲಾದ ಕಾರ್ಖಾನೆಗಳೂ ವಾಸದ ಮನೆಗಳೂ ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿದ್ದುದನ್ನೂ, 2020ರ ಫೆಬ್ರವರಿಯಲ್ಲಿ ಒಂದು ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದುದನ್ನೂ ಪತ್ರಿಕೆಗಳು ಚಿತ್ರಸಹಿತವಾಗಿ ವರದಿ ಮಾಡಿದ್ದವು. ಎಂಟು ತಿಂಗಳು ನೆಲದ ಮೇಲೆ ಕೂತ ಧೂಳು, ಟ್ಯಾಂಕರು ಲಾರಿಗಳಿಂದ ತೊಟ್ಟಿಕ್ಕಿದ ಎಣ್ಣೆ, ಸವೆದ ಟೈರುಗಳ ಪುಡಿ, ಗಾಳಿಯಿಂದಿಳಿದ ಮಡ್ಡಿ, ಇವೆಲ್ಲ ಮೊದಲ ಮಳೆಯ ಹನಿಗಳೊಂದಿಗೆ ಕಲಸಿಕೊಂಡು ಸಾಬೂನಿನ ನೊರೆಯಂಥ ಒಂದು ಪೊರೆಯಾಗುತ್ತವೆ. ಜಡಿಮಳೆ ಹಿಡಿದ ಮೇಲೆ ಅದು ತೊಳೆದುಹೋಗುತ್ತದೆ; ಆದರೆ ಆ ಮೊದಲ ದಿನ, ಅದರಲ್ಲಿಯೂ ಮೊದಲ ಅರ್ಧ ತಾಸು, ಜುಲೈಯ ಮಹಾವೃಷ್ಟಿಗಿಂತಲೂ ಅಪಾಯಕರ. ಸೋದರಳಿಯನ ಹೊಸ ವಾಹನವು ಕಾಟಈ ನಾಕಾದ ಸಮೀಪದಲ್ಲಿ ಬ್ರೇಕು ಒತ್ತಿದರೂ ನಿಲ್ಲದೆ ಎರಡು ಮಾರು ಮುಂದಕ್ಕೆ ಜಾರಿದುದು ಇಂಥದೇ ಒಂದು ಸಂಜೆಯಲ್ಲಿ. ಎದುರಿಗಿದ್ದ ರಿಕ್ಷಾದಲ್ಲಿ ಒಬ್ಬ ತಾಯಿಯೂ ಮಗುವೂ ಇದ್ದರಂತೆ. ಒಂದು ಗೇಣಿನ ಅಂತರದಲ್ಲಿ ವಾಹನ ನಿಂತಿತು. ಅದನ್ನು ಹೇಳುವಾಗ ಅವನ ದನಿ ನಡುಗುತ್ತಿತ್ತು.

ಏಕೆ ಹಾಗಾಯಿತೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಎರಡೂಕಾಲು ಟನ್ ತೂಗುವ ವಾಹನವು ನೆಲವನ್ನು ಮುಟ್ಟುವುದು ನಾಲ್ಕೇ ಎಡೆಗಳಲ್ಲಿ. 35 ಪೌಂಡ್ ಗಾಳಿಯ ಒತ್ತಡವಿದ್ದರೆ ಒಂದೊಂದು ಎಡೆಯೂ ಹರಡಿದ ಅಂಗೈಯಷ್ಟು ಅಗಲ, ಹೆಚ್ಚಿಲ್ಲ. ಎಂಜಿನ್ನಿನಲ್ಲಿ ಮುನ್ನೂರು ಕುದುರೆಗಳಿರಲಿ, ಐನೂರು ಇರಲಿ, ಅವುಗಳ ಬಲವೆಲ್ಲ ಈ ನಾಲ್ಕು ಅಂಗೈಗಳ ಮೂಲಕವೇ ನೆಲಕ್ಕೆ ಇಳಿಯಬೇಕು. ಬ್ರೇಕಿನ ಬಲವೂ ಅಷ್ಟೆ. ಈಗ ರಸ್ತೆಯ ಮೇಲೆ 3 ಮಿಲಿಮೀಟರ್ ನೀರು ನಿಂತಿದೆಯೆನ್ನಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 255 ಮಿಲಿಮೀಟರ್ ಅಗಲದ ಟೈರು ಪ್ರತಿ ಸೆಕೆಂಡಿಗೆ ಸುಮಾರು 17 ಲೀಟರ್ ನೀರನ್ನು ದಾರಿಯಿಂದ ಸರಿಸಬೇಕಾಗುತ್ತದೆ. ಅಂದರೆ ಒಂದೊಂದು ಸೆಕೆಂಡಿಗೂ ಒಂದು ಕೊಡ; ಅದೂ ಒಂದೊಂದು ಮುಂಗಾಲಿಯೂ. ಸರಿಸಲಾರದೆ ಹೋದಾಗ ನೀರು ಬೆಣೆಯಂತೆ ಟೈರಿನ ಕೆಳಗೆ ನುಗ್ಗಿ ಅದನ್ನು ನೆಲದಿಂದ ಎತ್ತಿಬಿಡುತ್ತದೆ. ಆಗ ಸ್ಟೀರಿಂಗು ಹಗುರವಾಗುತ್ತದೆ, ಬ್ರೇಕು ಸುಳ್ಳಾಗುತ್ತದೆ. ಅಮೆರಿಕೆಯ ನಾಸಾ ಸಂಸ್ಥೆಯಲ್ಲಿ ವಾಲ್ಟರ್ ಹಾರ್ನ್ ಎಂಬ ವಿಜ್ಞಾನಿಯು 1960ರ ದಶಕದಲ್ಲಿ ವಿಮಾನಗಳ ಗಾಲಿಗಳ ಮೇಲೆ ಪ್ರಯೋಗ ನಡೆಸಿ, ಈ ತೇಲುವಿಕೆ ಆರಂಭವಾಗುವ ವೇಗವು ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುವುದೆಂದು ತೋರಿಸಿದನು. ಆ ಸೂತ್ರದಂತೆ 33 ಪೌಂಡ್ ಒತ್ತಡದ ಟೈರು ಹಲ್ಲು ಸವೆದು ಬೋಳಾಗಿದ್ದರೆ, ಗಂಟೆಗೆ 95 ಕಿಲೋಮೀಟರ್ ಸುಮಾರಿಗೆ ತೇಲತೊಡಗುತ್ತದೆ. ಗಾಳಿ 25 ಪೌಂಡಿಗೆ ಇಳಿದಿದ್ದರೆ 83ಕ್ಕೇ ತೇಲುತ್ತದೆ. ಮಳೆಗಾಲದಲ್ಲಿ ಹಿಡಿತ ಹೆಚ್ಚಲೆಂದು ಗಾಳಿ ಕಡಮೆ ಮಾಡಿಕೊಳ್ಳುವ ವಾಡಿಕೆಯು ಎಷ್ಟು ವಿಪರೀತವಾದುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನನ್ನ ತಂದೆಯವರ ಬಳಿ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಒಂದು ಪ್ರೀಮಿಯರ್ ಪದ್ಮಿನಿ ಕಾರಿತ್ತು. ಅದರ ಟೈರಿನ ಅಗಲ 5.20 ಅಂಗುಲ, ಅಂದರೆ 132 ಮಿಲಿಮೀಟರ್ ಮಾತ್ರ. ಅದು ನಿಧಾನದ ಕಾರು, ಬಡಪಾಯಿ ಕಾರು. ಆದರೆ ಅದರ ಸಪೂರ ಗಾಲಿಗಳು ಪೆಣ್ ಮಹಾಡ್ ದಾರಿಯ ನೀರನ್ನು ಚಾಕುವಿನಂತೆ ಸೀಳಿಕೊಂಡು ನಮ್ಮನ್ನು ಉಡುಪಿಗೆ ಮುಟ್ಟಿಸುತ್ತಿದ್ದವು. ಅಗಲವಾದ ಟೈರೇ ಸರ್ವಕಾಲಕ್ಕೂ ಉತ್ತಮವೆಂಬ ನಂಬಿಕೆಯು ಒಣರಸ್ತೆಯಲ್ಲಿ ಹುಟ್ಟಿದುದು. ಹಿಮದ ನಾಡಿನವರು ಚಳಿಗಾಲದ ಜೊತೆಗೆ ಒಂದು ಅಂಗುಲ ಚಿಕ್ಕ ರಿಮ್ಮನ್ನೂ ತುಸು ಸಪೂರವಾದ ಟೈರನ್ನೂ ಆರಿಸುವರಲ್ಲ, ಅದರಲ್ಲಿ ಈ ವಿವೇಕವೇ ಇದೆ.

ಸೋದರಳಿಯನ ವಾಹನದಲ್ಲಾದರೋ ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆಯಿತ್ತು. ಕಂಪನಿಯವರು ಕೊಟ್ಟಿದ್ದ 20 ಅಂಗುಲದ ಗಾಲಿಗಳನ್ನು ತೆಗೆಸಿ, ಒಂದು ಅಂಗಡಿಯವರು ಅವನಿಗೆ 22 ಅಂಗುಲದ ಥಳಥಳಿಸುವ ಅಲಾಯ್ ಗಾಲಿಗಳನ್ನು ಮಾರಿದ್ದರು. ಟೈರಿನ ಪಕ್ಕೆಯು ನಾಲ್ಕು ಬೆರಳಿನಷ್ಟೂ ಎತ್ತರವಿರಲಿಲ್ಲ. ಕಲ್ಯಾಣ–ಶಿಳ ರಸ್ತೆಯಲ್ಲಿ ನೀರು ತುಂಬಿದ ಗುಂಡಿಯ ಆಳವು ತಿಳಿಯುವುದೆಂತು? ಒಂದು ರಾತ್ರಿ ಅಂಥ ಗುಂಡಿಗೆ ಇಳಿದ ಗಾಲಿಯ ಅಂಚು ತಗ್ಗಾಗಿ, ಟೈರಿನ ಪಕ್ಕೆಯಲ್ಲಿ ಕೋಳಿಮೊಟ್ಟೆಯಷ್ಟು ಬಾವು ಎದ್ದಿತು. ಒಳಗಿನ ನೂಲು ಹರಿದು ಬಾವು ಬಂದ ಟೈರನ್ನು ದುರಸ್ತಿ ಮಾಡುವಂತಿಲ್ಲ, ಎಸೆಯಬೇಕು. ಟೈರಿನ ಪಕ್ಕೆಯಲ್ಲಿರುವ ಗಾಳಿಯ ಮೆತ್ತೆಯು ಗುಂಡಿಗಳ ನಾಡಿನಲ್ಲಿ ಅಲಂಕಾರವಲ್ಲ, ಅದು ರಕ್ಷಾಕವಚ. ಅದನ್ನು ಕಿತ್ತು ಲೋಹವನ್ನು ತುಂಬುವ ಈ ಪದ್ಧತಿಯನ್ನು ನಾನು ಸರ್ವಥಾ ಒಪ್ಪಲಾರೆ.

ಇಲ್ಲಿ ಒಂದು ಸುಲಭವಾದ ಗಣಿತವುಂಟು. 255/55 ಆರ್ 19 ಎಂದು ಟೈರಿನ ಮೇಲೆ ಬರೆದಿದ್ದರೆ ಮೊದಲನೆಯದು ಮಿಲಿಮೀಟರುಗಳಲ್ಲಿ ಅಗಲ, ಎರಡನೆಯದು ಆ ಅಗಲದ ನೂರರಲ್ಲಿ ಎಷ್ಟು ಪಾಲು ಪಕ್ಕೆಯ ಎತ್ತರವೆಂಬುದು, ಕೊನೆಯದು ರಿಮ್ಮಿನ ವ್ಯಾಸ ಅಂಗುಲಗಳಲ್ಲಿ. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ 763 ಮಿಲಿಮೀಟರ್. 255/60 ಆರ್ 18 ತೆಗೆದುಕೊಳ್ಳಿ, ಅದೂ 763. 255/65 ಆರ್ 17 ಕೂಡ 763. ಹೊರಗಿನ ಸುತ್ತಳತೆ ಬದಲಾಗದೆ, ವೇಗದ ಮಾಪಕವೂ ಬ್ರೇಕಿನ ಗಣಕಯಂತ್ರವೂ ಭ್ರಮೆಗೊಳ್ಳದೆ, ಲೋಹವನ್ನು ಇಳಿಸಿ ಗಾಳಿಯನ್ನು ಏರಿಸಬಹುದೆಂಬುದಕ್ಕೆ ಇದು ನಿದರ್ಶನ. ಆದರೆ ಉಚ್ಚಸಾಮರ್ಥ್ಯದ ವಾಹನಗಳಲ್ಲಿ ಬ್ರೇಕಿನ ತಟ್ಟೆಗಳೂ ಅವುಗಳನ್ನು ಹಿಡಿಯುವ ಕ್ಯಾಲಿಪರುಗಳೂ ದೊಡ್ಡವಾಗಿರುವುದರಿಂದ ಇಷ್ಟಬಂದಷ್ಟು ಇಳಿಯಲು ಆಗದು. ವಾಹನದ ಕೈಪಿಡಿಯಲ್ಲಿ ಅನುಮೋದಿಸಿದ ಅಳತೆಗಳ ಪೈಕಿ ಅತ್ಯಂತ ಚಿಕ್ಕ ರಿಮ್ಮನ್ನು ಆರಿಸತಕ್ಕದ್ದು, ಅದಕ್ಕಿಂತ ಕೆಳಕ್ಕೆ ಹೋಗತಕ್ಕದ್ದಲ್ಲ. ಸೋದರಳಿಯನ ವಾಹನಕ್ಕೆ ಅದು 19 ಅಂಗುಲ.

ಗಾಲಿಯ ವಿಚಾರದಲ್ಲಿ ಇನ್ನೂ ಕೆಲವು ಅಳತೆಗಳು ಕೂದಲೆಳೆಯಷ್ಟೂ ತಪ್ಪಬಾರದವು. ಬೋಲ್ಟುಗಳು ನಿಂತ ವೃತ್ತದ ವ್ಯಾಸವು ಪೋರ್ಷೆ ಕೆಯೆನ್ನಿನಲ್ಲಿ 130 ಮಿಲಿಮೀಟರ್, ಬಹುಪಾಲು ಮರ್ಸಿಡಿಸ್ ಮತ್ತು ಆಡಿಗಳಲ್ಲಿ 112, ಫಾರ್ಚ್ಯೂನರಿನಲ್ಲಿ ಆರು ಬೋಲ್ಟುಗಳ 139.7. ನಡುವಿನ ರಂಧ್ರವು ಹಬ್ಬಿನ ಮೇಲೆ ಬಿಗಿಯಾಗಿ ಕೂರದಿದ್ದರೆ ಭಾರವೆಲ್ಲ ಬೋಲ್ಟುಗಳ ಮೇಲೆ ಬಿದ್ದು, ವೇಗ ಏರಿದಾಗ ಕೈಗೆ ನಡುಕ ಬರುತ್ತದೆ. ಇನ್ನು ಆಫ್‌ಸೆಟ್: ಗಾಲಿಯು ಒಳಕ್ಕೆ ಅಥವಾ ಹೊರಕ್ಕೆ ಎಷ್ಟು ಸರಿದು ನಿಲ್ಲಬೇಕೆಂಬ ಲೆಕ್ಕ. ಚೆಲುವಿಗಾಗಿ ಅದನ್ನು ಹೊರಕ್ಕೆ ತಳ್ಳಿದರೆ ಬೇರಿಂಗು ಬೇಗನೆ ಸಾಯುತ್ತದೆ. “ಬೋಲ್ಟು ಕೂರುತ್ತದೆ, ಸಾಕು” ಎಂದು ಹೇಳುವ ಅಂಗಡಿಯಿಂದ ಹಿಂತಿರುಗಿ ಬರುವುದೇ ಕ್ಷೇಮ.

ಟೈರಿನ ಆಯ್ಕೆಗೆ ಬಂದರೆ, ನಾನು ಸೋದರಳಿಯನಿಗೆ ಹೇಳಿದ ಮೊದಲ ಮಾತು, ಒದ್ದೆನೆಲದ ಹಿಡಿತವನ್ನು ಮಿಕ್ಕೆಲ್ಲ ಗುಣಗಳಿಗಿಂತ ಮುಂದೆ ಇಡು, ಎಂಬುದು. ಯುರೋಪಿನ ಟೈರುಗಳಿಗೆ ಅಂಟಿಸುವ ಚೀಟಿಯಲ್ಲಿ ಮಳೆಮೋಡದ ಗುರುತಿನ ಕೆಳಗೆ ಎ ಇಂದ ಇ ವರೆಗೆ ಅಕ್ಷರಗಳಿರುತ್ತವೆ. ಎ ಇರುವುದನ್ನೇ ಅರಸಬೇಕು. ನಮ್ಮ ದೇಶದಲ್ಲಿಯೂ ಒದ್ದೆನೆಲದ ಹಿಡಿತಕ್ಕೆ ಕನಿಷ್ಠ ಮಾನವನ್ನು ವಿಧಿಸುವ ನಿಯಮವು ಹೊಸ ವಿನ್ಯಾಸಗಳಿಗೆ 2022ರ ಅಕ್ಟೋಬರ್ 1ರಿಂದಲೂ ಹಳೆಯವುಗಳಿಗೆ 2023ರ ಏಪ್ರಿಲ್ 1ರಿಂದಲೂ ಜಾರಿಗೆ ಬಂದಿದೆ. ಇದೊಂದು ಸ್ತುತ್ಯವಾದ ಕ್ರಮ. ಟೈರಿನ ನಡುವೆ ನಾಲ್ಕು ಆಳವಾದ ಸುತ್ತುತೋಡುಗಳಿರಬೇಕು, ಅವುಗಳಿಂದ ಪಕ್ಕಕ್ಕೆ ನೀರು ಹರಿದುಹೋಗುವ ಕಾಲುವೆಗಳಿರಬೇಕು. ಗದ್ದೆಯ ಬದುವಿನಲ್ಲಿ ನೀರು ಬಿಡುವುದನ್ನು ಬಲ್ಲವನು ಒಳ್ಳೆಯ ಮಳೆಟೈರನ್ನು ಕಣ್ಣಿನಿಂದಲೇ ಗುರುತಿಸಬಲ್ಲನು. ಕೆಸರಿಗೆಂದು ಮಾಡಿದ ದಪ್ಪಹಲ್ಲಿನ ಟೈರು ನೋಡಲು ಗಂಭೀರವಾಗಿದ್ದರೂ ಒದ್ದೆಯಾದ ಕಾಂಕ್ರೀಟಿನ ಮೇಲೆ ಅದರ ಹಿಡಿತ ಕಡಮೆ. ಎಂಐಡಿಸಿಯ ರಸ್ತೆಗಳು ಈಗ ಬಹುಮಟ್ಟಿಗೆ ಕಾಂಕ್ರೀಟಿನವು.

ಭಾರದ ಅಂಕಿಯನ್ನೂ ವೇಗದ ಅಕ್ಷರವನ್ನೂ ತಗ್ಗಿಸಬಾರದು. 111 ಎಂದರೆ ಒಂದು ಟೈರು 1090 ಕಿಲೋ ಹೊರಬಲ್ಲದೆಂದರ್ಥ. ವಿ ಎಂದರೆ 240 ಕಿಲೋಮೀಟರ್, ಡಬ್ಲ್ಯು ಎಂದರೆ 270. ಆ ವೇಗದಲ್ಲಿ ಯಾರೂ ಹೋಗುವುದಿಲ್ಲವಾದರೂ ಆ ಅಕ್ಷರವು ಟೈರಿನ ಒಡಲು ತಾಳಬಲ್ಲ ತಾಪಕ್ಕೆ ಸಾಕ್ಷಿ. ಹುಟ್ಟಿದ ದಿನವೂ ಟೈರಿನ ಮೈಮೇಲೆಯೇ ಇರುತ್ತದೆ. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ದೊಡ್ಡ ವಾಹನಗಳ ಅಳತೆಗಳು ಬಹುತೇಕ ವಿದೇಶದಿಂದ ಬರತಕ್ಕವು. 2020ರ ಜೂನ್ 12ರಂದು ಸರಕಾರವು ಟೈರು ಆಮದಿಗೆ ನಿರ್ಬಂಧ ಹಾಕಿದಂದಿನಿಂದ ಕೆಲವು ಅಳತೆಗಳು ಸುಲಭವಾಗಿ ಸಿಕ್ಕುವುದಿಲ್ಲ. ಅಂಥ ಸಂದರ್ಭದಲ್ಲಿ ಗೋದಾಮಿನಲ್ಲಿ ವರ್ಷಗಟ್ಟಲೆ ಕೊಳೆತ ಸರಕನ್ನು ಹೊಸದೆಂದು ದಾಟಿಸುವವರಿರುತ್ತಾರೆ. 17, 18 ಅಂಗುಲಗಳಲ್ಲಾದರೆ ನಮ್ಮ ದೇಶದ ಕಾರ್ಖಾನೆಗಳೇ ಉತ್ತಮವಾದ ಟೈರುಗಳನ್ನು ಮಾಡುತ್ತಿವೆ. 1977ರಲ್ಲಿ ಭಾರತದ ಮೊದಲ ರೇಡಿಯಲ್ ಟೈರು ಹೊರಬಂತು. ಅದನ್ನು ಮಾಡಿದ ಜೆಕೆ ಸಂಸ್ಥೆಯು 1997ರಲ್ಲಿ ನಮ್ಮ ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು ತನ್ನದಾಗಿಸಿಕೊಂಡಿತು. ವಿಕ್ರಾಂತ್ ಎಂಬ ಹೆಸರನ್ನು ಲಾರಿಗಳ ಗಾಲಿಯ ಮೇಲೆ ಓದುತ್ತ ಬೆಳೆದ ನನ್ನ ತಲೆಮಾರಿನವರಿಗೆ ಆ ಮಾತು ಇನ್ನೂ ಅಭಿಮಾನದ್ದು.

ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಯುವ ವಾಹನಕ್ಕೆ ನಾಲ್ಕು ಟೈರುಗಳನ್ನೂ ಒಟ್ಟಿಗೆ, ಒಂದೇ ಜಾತಿಯವನ್ನೇ ಹಾಕಬೇಕು. ಒಂದು ಹೊಸದು, ಮೂರು ಸವೆದವು ಎಂದಾದರೆ ಸುತ್ತಳತೆಗಳು ಭಿನ್ನವಾಗಿ ಒಳಗಿನ ಹಲ್ಲುಚಕ್ರಗಳು ತಮ್ಮೊಳಗೇ ಹೋರಾಡಿ ನಶಿಸುತ್ತವೆ. ಕಾನೂನಿನ ಪ್ರಕಾರ ಹಲ್ಲಿನ ಆಳ 1.6 ಮಿಲಿಮೀಟರಿಗೆ ಬರುವವರೆಗೆ ಓಡಿಸಬಹುದು. ಮಳೆನಾಡಿಗೆ ಅದು ಸಾಲದು. 3 ಮಿಲಿಮೀಟರಿಗೆ ಬಂದೊಡನೆ ಬದಲಾಯಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಷದ ಉಳಿದ ಎಂಟು ತಿಂಗಳಲ್ಲಿ ಅದೇ ಟೈರನ್ನು ಮತ್ತೆ ಸವೆಸಿಕೊಳ್ಳಬಹುದಲ್ಲ, ಎಂದು ಸೋದರಳಿಯ ಕೇಳಿದನು. ಎರಡು ಜೊತೆಗಳನ್ನು ಇಡುವುದರ ಅರ್ಥವೇ ಅದು. ಸವೆಯತೊಡಗಿದ ಅಗಲವಾದ ಟೈರುಗಳು ಅಕ್ಟೋಬರಿನಿಂದ ಮೇ ವರೆಗಿನ ಒಣದಾರಿಗೆ ಯೋಗ್ಯವೇ; ಹಲ್ಲು ಆಳವಾಗಿರುವ ಜೊತೆಯನ್ನು ಮಳೆಗೆ ಮೀಸಲಿಡಬೇಕು. ಫ್ಲಾಟಿನಲ್ಲಿ ಬಾಳುವವರಿಗೆ ನಾಲ್ಕು ಗಾಲಿಗಳನ್ನು ಎಲ್ಲಿಡುವುದೆಂಬ ಪ್ರಶ್ನೆ ಸಣ್ಣದಲ್ಲ. ಬಿಸಿಲೂ ಕಾರ್ಖಾನೆಯ ಹೊಗೆಯೂ ತಾಗದಂತೆ ಚೀಲ ಕಟ್ಟಿ, ಒಂದರ ಮೇಲೊಂದು ಮಲಗಿಸಿ, ಪಾರ್ಕಿಂಗಿನ ಗೋಡೆಯ ಮೂಲೆಯಲ್ಲಿ ಇಡಲು ಸೊಸೈಟಿಯವರು ಒಪ್ಪಿದರು. ಇದರಲ್ಲಿ ಅವನ ಹೆಂಡತಿಯ ಮಾತುಗಾರಿಕೆ ಕೆಲಸ ಮಾಡಿತು.

ಮೇ ತಿಂಗಳ ಕೊನೆಯ ವಾರ 22 ಅಂಗುಲದ ಗಾಲಿಗಳನ್ನು ಅರ್ಧ ಬೆಲೆಗೆ ಮಾರಿ, ಕಂಪನಿಯ 20 ಅಂಗುಲದವನ್ನು ಒಣದಿನಗಳಿಗೆಂದು ಇಟ್ಟುಕೊಂಡು, ಅನುಮೋದಿತವಾದ 19 ಅಂಗುಲದ ಗಾಲಿಗಳನ್ನೂ ಒದ್ದೆನೆಲದ ಹಿಡಿತದಲ್ಲಿ ಎ ಅಕ್ಷರವಿದ್ದ ಟೈರುಗಳನ್ನೂ ಹಾಕಿಸಿದನು. ಜುಲೈಯಲ್ಲಿ ಊರಿನ ಪೂಜೆಗೆಂದು ಹೊರಟಾಗ ನಾನೂ ಜೊತೆಯಲ್ಲಿದ್ದೆನು. ಶಿಳಫಾಟಾದಿಂದ ತಳೋಜಾ, ಪನವೇಲ್ ದಾಟಿ, ಕಶೇಡಿ ಚಿಪಳೂಣ ಮಾರ್ಗವಾಗಿ ಕಾರವಾರ ಮುಟ್ಟುವವರೆಗೆ ಮಳೆ ಒಂದು ಗಳಿಗೆಯೂ ಬಿಡಲಿಲ್ಲ. ಅವನು 70ನ್ನು ಮೀರಲಿಲ್ಲ. ಎಷ್ಟು ಉತ್ಕೃಷ್ಟವಾದ ಟೈರಾದರೂ ವಿವೇಕಕ್ಕೆ ಬದಲಿಯಾಗಲಾರದೆಂಬುದನ್ನು ಕಾಟಈ ನಾಕಾದ ಆ ಸಂಜೆಯೇ ಅವನಿಗೆ ಕಲಿಸಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳು ಅಂಕೋಲೆಯವರೆಗೂ ನಿದ್ದೆ ಮಾಡಿದರು.

ನಮ್ಮ ಭಾಗಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ವಾಹನವಿಟ್ಟುಕೊಂಡಿರುವ ಕನ್ನಡ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಆ ದಿನಕ್ಕೆ ಮುಂಚಿನ ಒಂದು ಭಾನುವಾರ ಬೆಳಗ್ಗೆ, ಗಾಡಿ ದೊಡ್ಡದಿರಲಿ ಚಿಕ್ಕದಿರಲಿ, ಅದರ ಪಕ್ಕದಲ್ಲಿ ಕುಳಿತು, ನಾಲ್ಕೂ ಟೈರುಗಳ ತೋಡುಗಳಲ್ಲಿ ಅಳತೆಕಡ್ಡಿ ಇಳಿಸಿ ನೋಡಿರಿ, ಐದನೆಯದಾದ ಸ್ಟೆಪ್ನಿಯನ್ನೂ ಮರೆಯಬೇಡಿರಿ.